ತಳಾವಲಿಯ ಸಂತ ಅನ್ನಾ ಚರ್ಚು: ಸುಣ್ಣದ ಒಳಗಿನ ಕಲ್ಲು

ಊರಿನಿಂದ ನೆಂಟರು ಬಂದರೆ ಗೋವಾದಲ್ಲಿರುವ ನಾವೆಲ್ಲ ಕರೆದೊಯ್ಯುವುದು ಹಳೇ ಗೋವಾದ ದೊಡ್ಡ ಚರ್ಚುಗಳಿಗೇ. ಅದೇ ತಿಸವಾಡಿ ತಾಲ್ಲೂಕಿನ ತಳಾವಲಿ ಹಳ್ಳಿಗೆ ಹೋಗುವವರು ಕಡಿಮೆ. ಗೋವಾ ಕದಂಬರ ರಾಜಧಾನಿ ಗೋಪಕಪಟ್ಟಣ, ಅಂದರೆ ಇಂದಿನ ಗೋವಾ ವೆಲ್ಹಾ, ಅಲ್ಲಿಗೆ ಹತ್ತಿರವೇ ಇದೆ.

ಇಲ್ಲಿಯ ಸಂತ ಅನ್ನಾ ಚರ್ಚಿನ ಕೆಲಸ 1681ರಲ್ಲಿ ಪಾದ್ರಿ ಫ್ರಾನ್ಸಿಸ್ಕೊ ದೊ ರೇಗೊ ಅವರಿಂದ ಆರಂಭವಾಗಿ 1695ರಲ್ಲಿ ಮುಗಿಯಿತು. ಮುಂಭಾಗ ಐದು ಅಂತಸ್ತಿನದು, ಎರಡು ಬದಿಗೂ ಗೋಪುರ. ಹಳೇ ಗೋವಾದಲ್ಲಿ ಈಗ ಮುರುಕು ಗೋಪುರವಷ್ಟೇ ಉಳಿದಿರುವ ಅಗಸ್ಟೀನಿಯನ್ ಚರ್ಚು ಇದಕ್ಕೆ ಮಾದರಿ ಎನ್ನುತ್ತಾರೆ. ಮಾದರಿ ಬಿದ್ದುಹೋಯಿತು, ಹಳ್ಳಿಯ ಚರ್ಚು ನಿಂತಿದೆ! ದಪ್ಪ ಗೋಡೆಗಳೊಳಗೆ ಪಾಪನಿವೇದನೆಗೆ ಹೋಗಲು ಓಣಿಗಳನ್ನೂ ಬಿಟ್ಟಿದ್ದಾರೆ.

ಶೈಲಿ ಯುರೋಪಿನ ಬರೋಕ್ ಆದರೂ ಕಲ್ಲು ಇಲ್ಲಿಯ ಜಂಬಿಟ್ಟಿಗೆ. ಕಾಸರಗೋಡಿನ ಸದಸ್ಯರಿಗೆ ಮುರಕಲ್ಲು ಎಂದರೆ ತಿಳಿದೀತು. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಆದರೆ ಮೈತುಂಬ ರಂಧ್ರ, ಮಳೆನೀರನ್ನು ಕುಡಿಯುತ್ತದೆ. ಆದ್ದರಿಂದ ಮೇಲಿನ ಬಿಳಿ ಗಾರೆ ಬರೀ ಅಂದಕ್ಕಲ್ಲ, ಅದು ಕಲ್ಲಿನ ಕೊಡೆ. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಹಿಡಿದಿಟ್ಟು ಕಲ್ಲನ್ನು ಪುಡಿಮಾಡುತ್ತದೆ. ಹಳೇ ಗೋವಾದ ಬೊಂ ಜೇಸು ಚರ್ಚಿನ ಹೊರಗಾರೆಯನ್ನು 1950ರ ದಶಕದಲ್ಲಿ ಕೆತ್ತಿಸಿದರು. ಪ್ರವಾಸಿಗರು ಮೆಚ್ಚುವ ಆ ಕೆಂಪು ಗೋಡೆ ಅಂದಿನಿಂದ ಮಳೆಗೆ ಸವೆಯುತ್ತಿದೆ. ಮತ್ತೆ ಗಾರೆ ಹಚ್ಚಬೇಕೇ ಎಂಬ ವಾದ ಇನ್ನೂ ಮುಗಿದಿಲ್ಲ. ಹಚ್ಚುವುದೇ ಸರಿ ಎಂದು ನನ್ನ ಅಭಿಪ್ರಾಯ. ತಳಾವಲಿಯ ಬಿಳುಪನ್ನು ನೋಡಿದವರು ಬೇರೆ ಹೇಳಲಾರರು.

ಅನ್ನಾ ಎಂದರೆ ಮರಿಯಮ್ಮನ ತಾಯಿ, ಯೇಸುವಿನ ಅಜ್ಜಿ. ಬಹುಕಾಲ ಮಕ್ಕಳಿಲ್ಲದೆ ಮುಪ್ಪಿನಲ್ಲಿ ಮಗಳನ್ನು ಪಡೆದವಳೆಂಬ ಕಥೆಯಿದೆ. ಹಾಗಾಗಿ ಜುಲೈ 26ರ ಆಸುಪಾಸಿನಲ್ಲಿ ನಡೆಯುವ ಹಬ್ಬಕ್ಕೆ ಮಕ್ಕಳ ಹರಕೆ ಹೊತ್ತವರು ಸೌತೆಕಾಯಿ ತಂದು ಒಪ್ಪಿಸುತ್ತಾರೆ, ಹಿಂದೂಗಳೂ ಬರುತ್ತಾರೆ. ಕೊಂಕಣಿಯಲ್ಲಿ ಇದು ತವಶ್ಯಾಚೆಂ ಫೆಸ್ತ್, ಸೌತೆಕಾಯಿ ಹಬ್ಬ. ಪೋರ್ಚುಗೀಸಿನಲ್ಲಿ ಸೌತೆಗೆ ಪೆಪಿನೊ, ಮಗುವಿಗೆ ಮೆನಿನೊ. ಹರಕೆ ಹುಟ್ಟಿದ್ದು ಈ ಪ್ರಾಸದಿಂದಲೇ ಇರಬೇಕು. ವರ ಬೇಡುವ ಹೆಣ್ಣುಮಕ್ಕಳು ಉದ್ದು ಕೊಡುತ್ತಾರೆ. ಅಲ್ಲಿಯೂ ಪ್ರಾಸವೇ: ಉರಿದೊ, ಮರಿದೊ.

ಹಬ್ಬ ಬರುವುದು ಸುರಿಮಳೆಯ ನಡುವೆ. ಹೋದವರು ಕೊಡೆ ಹಿಡಿದು ಒಮ್ಮೆ ಚರ್ಚನ್ನು ಸುತ್ತು ಹಾಕಿ, ಗೋಡೆಯ ಬುಡದಲ್ಲಿ ಗಾರೆ ಎಲ್ಲೆಲ್ಲಿ ಉಬ್ಬಿದೆ ನೋಡಿ ಬನ್ನಿ.