ಮನೆಯೊಳಗೊಂದು ಪುಟ್ಟ ಕಡಲು

ಮುಂಬಯಿಯ ಕನ್ನಡಿಗರಿಗೆ ತಾರಾಪೊರೆವಾಲಾ ಮತ್ಸ್ಯಾಲಯದ ಹೆಸರು ಹೊಸದಲ್ಲ. 1951ರಲ್ಲಿ ಮರೀನ್ ಡ್ರೈವಿನಲ್ಲಿ ತೆರೆದ ಆ ಮತ್ಸ್ಯಾಲಯದ ಬಣ್ಣದ ಮೀನುಗಳನ್ನು ಕಂಡು, "ನಮ್ಮ ಮನೆಯಲ್ಲೂ ಇಂಥದೊಂದು ಬೇಕು" ಎಂದು ಹಟ ಹಿಡಿದ ಮಕ್ಕಳೆಷ್ಟೋ! ನಮ್ಮ ನೆರೆಮನೆಯ ರಾಯರು ಮಗಳ ಇಂಥ ಹಟಕ್ಕೆ ಮಣಿದು, ಒಂದು ಭಾನುವಾರ ಗಾಜಿನ ತೊಟ್ಟಿ ತಂದು, ಉಪ್ಪುನೀರು ತುಂಬಿ, ಅಂದೇ ಸಂಜೆ ಆರು ಮೀನು ಬಿಟ್ಟರು. ಮುಂದಿನ ಭಾನುವಾರಕ್ಕೆ ಒಂದೂ ಉಳಿಯಲಿಲ್ಲ. ಮಗು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ತಪ್ಪು ಆತುರದ್ದು. ಮೀನಿನ ಹೊಲಸು, ಮಿಕ್ಕ ಆಹಾರ ಇವುಗಳಿಂದ ನೀರಿನಲ್ಲಿ ಅಮೋನಿಯಾ ಎಂಬ ವಿಷ ಸೇರುತ್ತದೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ಸುಮಾರು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಖಾಲಿ ತೊಟ್ಟಿಗೆ ಆಗಾಗ ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಪರೀಕ್ಷಿಸಿದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದಿದ್ದರೆ ಮಾತ್ರ ಮೀನು ತರಬಹುದು.

ಹೊಸಬರಿಗೆ 100 ಲೀಟರಿನ ತೊಟ್ಟಿ ಅನುಕೂಲ. ಅದಕ್ಕಿಂತ ಚಿಕ್ಕದರಲ್ಲಿ ನೀರು ಬೇಗ ಕೆಡುತ್ತದೆ. ನಗರದ ಕರೆಯ ನೀರು ಕೊಳಕು; ಅಡುಗೆಯ ಉಪ್ಪೂ ಸಲ್ಲದು. ಮೀನಿನ ಅಂಗಡಿಯಲ್ಲಿ ಸಿಗುವ ಸಮುದ್ರಲವಣದ ಮಿಶ್ರಣವನ್ನು ಆರ್‌ಓ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಬೇಕು. ಹೈಡ್ರೋಮೀಟರು 1.025 ತೋರಿಸಿದರೆ ಸರಿ. ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ. ಬೇಸಗೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನು ತಿರುಗಿಸಬಹುದು. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಆದ್ದರಿಂದ ಆವಿಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕೆಂಬುದನ್ನು ಮರೆಯಬಾರದು.

ಇನ್ನು ಮೀನುಗಳ ಮಾತು. ಮೊದಲು ಒಂದು ಜೊತೆ ಕ್ಲೌನ್ ಮೀನು ಸಾಕು. ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆಯ ಇವು ಗಟ್ಟಿ ಜೀವಗಳು. ಹುಟ್ಟುವಾಗ ಎಲ್ಲವೂ ಗಂಡೇ. ಜೊತೆಯಲ್ಲಿ ದೊಡ್ಡದು ಹೆಣ್ಣಾಗುತ್ತದೆಂಬುದು ಸ್ವಾರಸ್ಯದ ಸಂಗತಿ! ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇವನ್ನು ತೊಟ್ಟಿಯಲ್ಲೇ ಮರಿಮಾಡಿಸಿದ್ದಾರೆ; ಕಡಲಿನಿಂದ ಹಿಡಿದವನ್ನು ಬಿಟ್ಟು ಅಂಥ ಮರಿಗಳನ್ನೇ ಕೇಳಿ ಕೊಳ್ಳಿರಿ. ಮೂರು ನಾಲ್ಕು ವಾರ ಕಳೆದ ಮೇಲೆ ಒಂದು ಗೋಬಿ ಮೀನು, ಪಾಚಿ ತಿನ್ನಲು ಒಂದೆರಡು ಕಡಲ ಬಸವನಹುಳು ಸೇರಿಸಬಹುದು. ಅಲ್ಲಿಗೆ ನಿಲ್ಲಿಸುವುದು ಜಾಣತನ. ಅಂಗಡಿಯಲ್ಲಿ ಬೆರಳುದ್ದವಿರುವ ನೀಲಿ ಟ್ಯಾಂಗ್ ಬೆಳೆದರೆ ಅಡಿಯುದ್ದವಾಗುತ್ತದೆ. ಕಡಲ್ಗುದುರೆ, ಜೀವಂತ ಹವಳ ಇವಂತೂ ಬೇಡವೇ ಬೇಡ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ 2001ರಲ್ಲಿ ಇವಕ್ಕೂ ದೊರೆತಿದೆ.

ರಾಯರು ಮತ್ತೆ ತೊಟ್ಟಿ ಹೂಡಿದರು. ಈ ಸಲ ಮಗಳೇ ಕ್ಯಾಲೆಂಡರಿನಲ್ಲಿ ದಿನಗಳಿಗೆ ಗುರುತು ಹಾಕುತ್ತ, ಆರು ವಾರ ಬರಿಯ ನೀರನ್ನು ಕಾಯ್ದಳು. ಈಗ ಅಲ್ಲಿ ಎರಡು ಮೀನು ಹಾಯಾಗಿ ಓಡಾಡುತ್ತಿವೆ. ಮೂರನೆಯದು ಯಾವಾಗ ಎಂದು ರಾಯರು ಕೇಳಿದರೆ, "ಅವಸರ ಮಾಡಬೇಡಿ ಅಪ್ಪಾ" ಎನ್ನುತ್ತಾಳೆ ಮಗಳು.