ಕರೆಂಟ್ ಹೋದರೆ ಮೊದಲು ಫ್ಯೂಸ್ ನೋಡಿ

‘ಇದು ಜೀನ್‌ನಲ್ಲೇ ಇರೋ ಕಾಯಿಲೆ. ಏನೂ ಮಾಡೋಕಾಗಲ್ಲ.’ ಈ ಎರಡು ಮಾತು ಕೇಳಿದ ಮೇಲೆ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಯ ಓಡಾಟ ನಿಂತುಹೋಗುತ್ತದೆ, ದೇವಸ್ಥಾನದ ಓಡಾಟ ಶುರುವಾಗುತ್ತದೆ. ಮೊದಲನೇ ಮಾತು ನಿಜ ಇರಬಹುದು. ಎರಡನೇ ಮಾತು ಯಾವಾಗಲೂ ನಿಜವಲ್ಲ. ಕೆಲವು ಕಾಯಿಲೆಗಳಲ್ಲಿ ಮಗುವಿಗೂ ಸಾವಿಗೂ ನಡುವೆ ಇರೋದು ಒಂದು ವಿಟಮಿನ್ ಅಷ್ಟೇ. ಅದು ಗೊತ್ತಿಲ್ಲದೆ ಹೋದರೆ? ಇವತ್ತಿನ ಮಾತು ಅದರ ಬಗ್ಗೆ.

ಹೈಸ್ಕೂಲಿನಲ್ಲಿ ‘ಜೀವಕೋಶದ ಶಕ್ತಿಕೇಂದ್ರ’ ಅಂತ ಒಂದು ಮಾರ್ಕಿಗೆ ಬರೆದು ಮರೆತುಬಿಟ್ಟೆವಲ್ಲ, ಆ ಮೈಟೋಕಾಂಡ್ರಿಯಾ ನೆನಪಿದೆಯಾ? ನಾವು ತಿಂದ ಅನ್ನ, ರಾಗಿಮುದ್ದೆ ಎಲ್ಲ ಕೊನೆಗೆ ಶಕ್ತಿಯಾಗೋದು ಬಹುಪಾಲು ಅಲ್ಲೇ. ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇಕಡ 2, ಆದರೆ ಶಕ್ತಿಯಲ್ಲಿ ಅದು ಸುಮಾರು ಶೇಕಡ 20 ತಿನ್ನುತ್ತದೆ. ಹಾಗಾಗಿ ಈ ಪವರ್ ಹೌಸ್ ಕೆಟ್ಟರೆ ಮೊದಲು ಪೆಟ್ಟು ಬೀಳೋದು ಮೆದುಳು, ಹೃದಯ, ಮಾಂಸಖಂಡ, ಕಣ್ಣು, ಕಿವಿಗೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇಂಥ ತೊಂದರೆ ಇರಬಹುದು ಅನ್ನೋದು ವೈದ್ಯಲೋಕದ ಅಂದಾಜು.

ಇಲ್ಲೊಂದು ತಪ್ಪು ತಿಳಿವಳಿಕೆ ಮೊದಲು ಸರಿಯಾಗಬೇಕು. ಮೈಟೋಕಾಂಡ್ರಿಯಾಗೆ ತನ್ನದೇ ಪುಟ್ಟ ಡಿಎನ್‌ಎ ಇದೆ, ಅದರಲ್ಲಿ 37 ಜೀನ್, ಅದು ಬರೋದು ತಾಯಿಯಿಂದ. ಇಷ್ಟು ಕೇಳಿಸಿಕೊಂಡವರು ‘ಎಲ್ಲ ಸೊಸೆಯಿಂದ ಬಂದದ್ದು’ ಅಂತ ತೀರ್ಪು ಕೊಟ್ಟುಬಿಡ್ತಾರೆ. ಸ್ವಲ್ಪ ತಾಳಿ. ಮೈಟೋಕಾಂಡ್ರಿಯಾ ನಡೆಯೋಕೆ ಸಾವಿರಕ್ಕೂ ಹೆಚ್ಚು ಪ್ರೋಟೀನ್ ಬೇಕು, ಅವುಗಳ ಜೀನ್‌ಗಳು ಹೆಚ್ಚೂಕಡಿಮೆ ಎಲ್ಲವೂ ಇರೋದು ಕೋಶಕೇಂದ್ರದಲ್ಲಿ. ಮಕ್ಕಳಲ್ಲಿ ಕಾಣುವ ಬಹುಪಾಲು ಪ್ರಕರಣಗಳ ಮೂಲವೂ ಅಲ್ಲೇ. ಅಂದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ದೋಷ ಸೇರಿ ಕಾಯಿಲೆ. ಸೋದರಮಾವ, ಅತ್ತೆ ಮಗಳು ಅಂತ ಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಕಡೆ ಈ ಎರಡೂ ಒಂದೇ ಮಗುವಿಗೆ ಸಿಗುವ ಸಾಧ್ಯತೆ ಹೆಚ್ಚು. ಬೊಟ್ಟು ಮಾಡೋದಾದರೆ ಎರಡೂ ಮನೆಯ ಕಡೆ ಮಾಡಬೇಕು. ಅಥವಾ ಮಾಡದೇ ಇದ್ದರೆ ಇನ್ನೂ ಒಳ್ಳೆಯದು.

ಈಗ ಒಂದು ನಿಜವಾದ ಕಥೆ. 1998ರಲ್ಲಿ ಸೌದಿ ಅರೇಬಿಯಾದ ವೈದ್ಯರು 10 ರೋಗಿಗಳ ಬಗ್ಗೆ ಬರೆದರು. ಈ ಕಾಯಿಲೆಯ ದಾರಿ ಹೀಗಿರುತ್ತದೆ: ಆಟವಾಡಿಕೊಂಡಿದ್ದ ಮಗುವಿಗೆ ಒಂದು ಜ್ವರ. ಆಮೇಲೆ ಮಂಪರು, ಮಾತು ತೊದಲು, ನುಂಗೋಕೆ ಆಗಲ್ಲ, ಕೈಕಾಲು ಸೆಟೆದುಕೊಳ್ಳುತ್ತವೆ, ಫಿಟ್ಸ್ ಬರುತ್ತದೆ. ಎಂಆರ್‌ಐನಲ್ಲಿ ಮೆದುಳಿನ ಆಳದ ಎರಡೂ ಬದಿಯಲ್ಲಿ ಒಂದೇ ರೀತಿಯ ಗಾಯ. ಮೇಲ್ನೋಟಕ್ಕೆ ಮೆದುಳುಜ್ವರ. ಆದರೆ ಬಯೋಟಿನ್ ಎಂಬ ವಿಟಮಿನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಮಕ್ಕಳು ಚೇತರಿಸಿಕೊಂಡರು. ಬಿಟ್ಟರೆ ಕಾಯಿಲೆ ವಾಪಸ್.

ಸ್ವಾರಸ್ಯ ಮುಂದಿದೆ. 2005ರಲ್ಲಿ ಜೀನ್ ಸಿಕ್ಕಿತು. ಅದು ಬಯೋಟಿನ್‌ಗೆ ಸಂಬಂಧಿಸಿದ್ದೇ ಅಲ್ಲ! ಅದು ಥಯಾಮಿನ್, ಅಂದರೆ ವಿಟಮಿನ್ ಬಿ1, ಕೋಶದೊಳಗೆ ಹೋಗುವ ಬಾಗಿಲು. ಬಯೋಟಿನ್ ಮಾತ್ರ ತೆಗೆದುಕೊಳ್ಳುತ್ತಿದ್ದ ಕೆಲವರಲ್ಲಿ ತೊಂದರೆ ಯಾಕೆ ಮರುಕಳಿಸುತ್ತಿತ್ತು ಅನ್ನೋದು ಆಗ ಅರ್ಥವಾಯಿತು. ಈಗ ಎರಡನ್ನೂ ಸೇರಿಸಿ ಜೀವನಪೂರ್ತಿ ಕೊಡ್ತಾರೆ. ಬಾಗಿಲು ಅರ್ಧ ಮುಚ್ಚಿದ್ದರೆ ಹೊರಗೆ ನೂಕುನುಗ್ಗಲು ಹೆಚ್ಚಿಸಿದಾಗ ಒಂದಷ್ಟು ಜನ ಒಳಗೆ ನುಸುಳ್ತಾರಲ್ಲ, ದೊಡ್ಡ ಡೋಸ್ ಕೆಲಸ ಮಾಡೋದು ಹೀಗೆ.

ಥಯಾಮಿನ್‌ಗೆ ಯಾಕಿಷ್ಟು ಮಹತ್ವ? ಸಕ್ಕರೆ ಒಡೆದು ಪೈರುವೇಟ್ ಆಗುತ್ತದೆ. ಅದು ಮೈಟೋಕಾಂಡ್ರಿಯಾದ ಕುಲುಮೆಗೆ ಬೀಳಬೇಕಾದರೆ ಒಂದು ಕಿಣ್ವ ಕೆಲಸ ಮಾಡಬೇಕು, ಆ ಕಿಣ್ವಕ್ಕೆ ಥಯಾಮಿನ್ ಬೇಕೇ ಬೇಕು. ಇಲ್ಲದಿದ್ದರೆ ಪೈರುವೇಟ್ ಹೊರಗೇ ಉಳಿದು ಲ್ಯಾಕ್ಟೇಟ್ ಆಗುತ್ತದೆ, ರಕ್ತ ಆಮ್ಲೀಯವಾಗುತ್ತದೆ.

ಇದು ದೂರದ ಸೌದಿಯ ಕಥೆ ಅಂದುಕೊಳ್ಳಬೇಡಿ. ಜೀನ್ ಸರಿಯಿದ್ದೂ ಇದೇ ಕುಲುಮೆ ಆರಿಹೋಗುವುದು ನಮ್ಮಲ್ಲೇ ಇದೆ. ಉಸಿರಾಡೋಕೆ ಒದ್ದಾಡುತ್ತ, ಶ್ವಾಸಕೋಶದ ರಕ್ತನಾಳದ ಒತ್ತಡ ವಿಪರೀತ ಏರಿ ಬಂದ ಹಸುಗೂಸುಗಳು ಥಯಾಮಿನ್ ಕೊಟ್ಟಾಗ ಸುಧಾರಿಸಿದ್ದನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಕಾರಣ? ಬಾಣಂತಿ ಪಥ್ಯ. ಪಾಲಿಶ್ ಅಕ್ಕಿಯ ಅನ್ನ ಬಿಟ್ಟು ಕಾಳು ಬೇಡ, ತರಕಾರಿ ಬೇಡ ಅಂತ ಕಟ್ಟುನಿಟ್ಟು ಮಾಡಿದರೆ ತಾಯಿಯ ಹಾಲಿನಲ್ಲೇ ಬಿ1 ಸಾಕಷ್ಟು ಇರಲ್ಲ. ಮಗು ಆರೋಗ್ಯವಾಗಿರಲಿ ಅಂತ ಮಾಡಿದ ಪಥ್ಯವೇ ಮಗುವಿಗೆ ಮುಳುವು.

ಹಾಗಾದರೆ ಪತ್ತೆ ಹೇಗೆ? ನಾನು ಓದಿದ್ದು ಇಂಜಿನಿಯರಿಂಗ್. ಮಷಿನ್ ನಿಂತರೆ ಮೊದಲು ಸುಲಭದಲ್ಲಿ ಸರಿಹೋಗುವ ದೋಷ ಇದೆಯಾ ನೋಡು ಅಂತ ನಮಗೆ ಕಲಿಸ್ತಾರೆ. ಕರೆಂಟ್ ಹೋದರೆ ಫ್ಯೂಸ್ ನೋಡ್ತೀವಿ, ಗೋಡೆ ಒಡೆದು ವೈರಿಂಗ್ ಕೀಳಲ್ಲ. ಇಲ್ಲೂ ಅದೇ ಲೆಕ್ಕ.

ಒಂದಕ್ಕೊಂದು ಸಂಬಂಧವಿಲ್ಲದ ಅಂಗಗಳಲ್ಲಿ ತೊಂದರೆ ಕಂಡರೆ ಅನುಮಾನ ಬರಬೇಕು. ಸಕ್ಕರೆ ಕಾಯಿಲೆ ಜೊತೆ ಕಿವುಡು, ಫಿಟ್ಸ್ ಜೊತೆ ಹೃದಯದ ತೊಂದರೆ, ಪ್ರತಿ ಜ್ವರಕ್ಕೂ ಕಲಿತದ್ದನ್ನೆಲ್ಲ ಕಳೆದುಕೊಳ್ಳುವ ಮಗು. ಆಮೇಲೆ ರಕ್ತದಲ್ಲಿ ಲ್ಯಾಕ್ಟೇಟ್, ಅಸೈಲ್‌ಕಾರ್ನಿಟಿನ್, ಮೂತ್ರದಲ್ಲಿ ಆರ್ಗಾನಿಕ್ ಆಸಿಡ್, ಜೊತೆಗೆ ಎಂಆರ್‌ಐ. ಮಗು ಅತ್ತು ಒದ್ದಾಡಿದರೂ ಲ್ಯಾಕ್ಟೇಟ್ ಏರುತ್ತದೆ. ಕಾಯಿಲೆ ಇದ್ದೂ ಲ್ಯಾಕ್ಟೇಟ್ ನಾರ್ಮಲ್ ಬರಬಹುದು. ಒಂದೇ ರಿಪೋರ್ಟ್ ನಂಬಿ ಕೂರೋಹಾಗಿಲ್ಲ. ಕೊನೆಗೆ ಜೀನ್ ಪರೀಕ್ಷೆ. ಅದರಲ್ಲೂ ಕೋಶಕೇಂದ್ರದ ಜೀನ್‌ಗಳ ಜೊತೆ ಮೈಟೋಕಾಂಡ್ರಿಯಾದ ಡಿಎನ್‌ಎಯನ್ನೂ ನೋಡಿದ್ದಾರಾ ಅಂತ ಕೇಳಬೇಕು. ಕೆಲವು ದೋಷ ರಕ್ತದಲ್ಲಿ ಸಿಗಲ್ಲ, ಮೂತ್ರದಲ್ಲೋ ಮಾಂಸಖಂಡದಲ್ಲೋ ಸಿಗುತ್ತದೆ.

ಮುಖ್ಯ ಮಾತು ಇದು: ಜೀನ್ ರಿಪೋರ್ಟ್ ಬರೋಕೆ ವಾರಗಳು ಹಿಡಿಯುತ್ತವೆ. ಮೆದುಳು ಅಷ್ಟು ದಿನ ಕಾಯಲ್ಲ. ಅದಕ್ಕೇ ಅನುಮಾನ ಬಂದ ಕೂಡಲೇ ಪರೀಕ್ಷೆಗೆ ರಕ್ತ ತೆಗೆದಿಟ್ಟು ಥಯಾಮಿನ್, ಬಯೋಟಿನ್ ಶುರು ಮಾಡೋದು ತಜ್ಞರ ಕ್ರಮ. ಅದಲ್ಲ ಅಂತ ಆಮೇಲೆ ಗೊತ್ತಾದರೆ ನಿಲ್ಲಿಸಬಹುದು, ನಷ್ಟ ತೀರಾ ಕಡಿಮೆ. ಕೊಡದೇ ಉಳಿದು ಅದೇ ಕಾಯಿಲೆ ಅಂತ ಗೊತ್ತಾದರೆ? ಆ ನಷ್ಟ ಯಾರಿಂದಲೂ ತುಂಬೋಕಾಗಲ್ಲ.

ಈ ಪಟ್ಟಿ ಚಿಕ್ಕದೇನಲ್ಲ. ರೈಬೋಫ್ಲೇವಿನ್, ಅಂದರೆ ಬಿ2ಗೆ ಸ್ಪಂದಿಸುವ ಸ್ನಾಯು ಮತ್ತು ನರದ ಕಾಯಿಲೆಗಳಿವೆ. ಕೋಎನ್‌ಜೈಮ್ ಕ್ಯೂ10 ಕೊರತೆಯಿದೆ, ಬೇಗ ಕೊಟ್ಟರೆ ಕೆಲವರಲ್ಲಿ ಕಿಡ್ನಿ ಉಳಿಯುತ್ತದೆ. ಬಯೋಟಿನಿಡೇಸ್ ಕೊರತೆ ಹುಟ್ಟಿದ ಮಗುವಿನ ಹಿಮ್ಮಡಿಯ ಒಂದು ಹನಿ ರಕ್ತದಲ್ಲಿ ಸಿಗುತ್ತದೆ, ಚಿಕಿತ್ಸೆ ದಿನಕ್ಕೊಂದು ವಿಟಮಿನ್. ತಡವಾದರೆ ಹೋದ ಕಿವಿ ಸಾಮಾನ್ಯವಾಗಿ ವಾಪಸ್ ಬರಲ್ಲ. ಆದರೂ ಹುಟ್ಟಿದ ಪ್ರತಿ ಮಗುವಿಗೂ ಈ ಪರೀಕ್ಷೆ ಮಾಡುವ ದೇಶವ್ಯಾಪಿ ವ್ಯವಸ್ಥೆ ನಮ್ಮಲ್ಲಿಲ್ಲ.

ಎಲ್ಲ ಮೈಟೋಕಾಂಡ್ರಿಯಾ ಕಾಯಿಲೆಗೂ ಮದ್ದಿದೆ ಅಂತ ನಾನು ಹೇಳ್ತಿಲ್ಲ. ಬಹುಪಾಲಿಗೆ ಇಲ್ಲ. ಆದರೆ ಮದ್ದಿಲ್ಲದಿದ್ದರೂ ಹೆಸರು ಗೊತ್ತಾದರೆ ಲಾಭವಿದೆ. ಪೋಲ್‌ಜಿ ಎಂಬ ಜೀನ್ ಕೆಟ್ಟ ಮಗುವಿಗೆ ಫಿಟ್ಸ್‌ಗೆಂದು ಕೊಡುವ ವಾಲ್ಪ್ರೊಯೇಟ್ ಲಿವರ್ ತೆಗೆಯಬಹುದು. ಇನ್ನೊಂದು ದೋಷವಿದ್ದವರಿಗೆ ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಕೊಟ್ಟರೆ ಕಿವಿ ಹೋಗಬಹುದು. ಯಾವುದನ್ನು ಕೊಡಬಾರದು ಅನ್ನೋದೂ ಚಿಕಿತ್ಸೆಯೇ ಅಲ್ವಾ?

ಇಷ್ಟು ಕೇಳಿ ನಾಳೆ ಬೆಳಿಗ್ಗೆ ಮೆಡಿಕಲ್ ಶಾಪಿಗೆ ಹೋಗಿ ಬಿ-ಕಾಂಪ್ಲೆಕ್ಸ್ ತಂದು ಮಗುವಿಗೆ ತಿನ್ನಿಸಬೇಡಿ. ಅದರಲ್ಲಿರುವ ಪ್ರಮಾಣಕ್ಕೂ ಈ ಚಿಕಿತ್ಸೆಯ ಪ್ರಮಾಣಕ್ಕೂ ಹೋಲಿಕೆಯೇ ಇಲ್ಲ. ಮಾಡಬೇಕಾದ್ದು ಒಂದು ಪ್ರಶ್ನೆ ಕೇಳೋದು: ‘ಡಾಕ್ಟ್ರೇ, ವಿಟಮಿನ್‌ನಿಂದ ವಾಸಿಯಾಗುವ ಕಾಯಿಲೆ ಇದಲ್ಲ ಅಂತ ಖಾತ್ರಿ ಆಗಿದೆಯಾ?’ ಕೇಳೋಕೆ ಸಂಕೋಚ ಬೇಡ. ನಿಮ್ಹಾನ್ಸ್ ಇದೆ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿದ ಕೇಂದ್ರವೂ ಇದೆ.

ಸರ್ಕಾರಕ್ಕೂ ಒಂದು ಮಾತು. ಕೋಟಿ ರೂಪಾಯಿಯ ಔಷಧದ ಬಗ್ಗೆ ಸದನದಲ್ಲಿ ಚರ್ಚೆ ಆಗಲಿ, ಬೇಡ ಅನ್ನಲ್ಲ. ಅದರ ಜೊತೆಗೆ ಪ್ರತಿ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಥಯಾಮಿನ್ ಇಂಜೆಕ್ಷನ್ ಇರಲಿ, ಅದನ್ನು ಯಾವಾಗ ಕೊಡಬೇಕು ಅಂತ ಗೊತ್ತಿರುವವರೂ ಇರಲಿ. ದುಡ್ಡಿಲ್ಲದೆ ಮಗು ಕಳೆದುಕೊಂಡರು ಅನ್ನೋ ಸುದ್ದಿ ಓದುವಾಗ ನನಗೆ ಸಂಕಟವಾಗುತ್ತದೆ. ಆದರೆ ಕೆಲವೇ ರೂಪಾಯಿಯ ವಿಟಮಿನ್ ಯಾರಿಗೂ ಹೊಳೆಯದೆ ಮಗು ಹೋಯಿತು ಅಂದರೆ, ಅದನ್ನು ಹಣೆಬರಹ ಅಂತ ಓದೋಕೆ ನಾನು ಒಪ್ಪಲ್ಲ.