ಜಪಾನೀ ಲಿಪಿಯಲ್ಲೊಂದು ತದ್ಭವ: ‘ತೋ’ ಎಂಬ ಅಕ್ಷರದ ವಿಚಾರ

ಜಪಾನೀ ಬರವಣಿಗೆಯಲ್ಲಿ ಎರಡು ಬಗೆಯ ಲಿಪಿಗಳು ಬೆರೆತಿರುತ್ತವೆ. ‘ಕಾನಾ’ ಎಂಬುದು ಉಚ್ಚಾರಣೆಯನ್ನು ಮಾತ್ರ ತಿಳಿಸತಕ್ಕದ್ದು. ‘ಕಾಂಜಿ’ ಎಂಬುದು ಚೀನದೇಶದಿಂದ ಬಂದು, ಧ್ವನಿಯೊಡನೆ ಅರ್ಥವನ್ನೂ ಹೊತ್ತಿರತಕ್ಕದ್ದು. ಆ ದೇಶದ ಸರಕಾರವು 2010ರಲ್ಲಿ ನಿತ್ಯವ್ಯವಹಾರಕ್ಕೆಂದು ಗೊತ್ತುಮಾಡಿದ ಪಟ್ಟಿಯಲ್ಲಿ ಇಂಥ 2,136 ಅಕ್ಷರಗಳಿವೆ. ಇವೆಲ್ಲವೂ ಚಿತ್ರಗಳು, ಚಿತ್ರವನ್ನು ಬಿಡಿಸಿ ನೋಡಿದರೆ ಅರ್ಥವು ತಾನಾಗಿ ಹೊಳೆಯುವುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೆಟ್ಟ, ಮರ ಮೊದಲಾದ ಕೆಲವು ಅಕ್ಷರಗಳಲ್ಲಿ ಇದು ನಿಜವೇ ಸರಿ. ಆದರೆ ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗವು ಅರ್ಥದ ವರ್ಗವನ್ನು ಸೂಚಿಸಿದರೆ, ಇನ್ನೊಂದು ಭಾಗವು ಧ್ವನಿಯನ್ನು ಮಾತ್ರ ಸೂಚಿಸುತ್ತದೆ. ಕ್ರಿ.ಶ. 100ರ ಸುಮಾರಿನಲ್ಲಿ ಕೋಶವನ್ನು ರಚಿಸಿದ ಚೀನೀ ವಿದ್ವಾಂಸ ಷು ಷೆನ್ ಈ ಭೇದವನ್ನು ಆಗಲೇ ನಿರೂಪಿಸಿದ್ದನು. ಈ ಮಾತನ್ನು ಒಂದೇ ಅಕ್ಷರವನ್ನು ಹಿಡಿದು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಅದರ ಓದು ‘ತೋ’. ಅರ್ಥ ಸ್ತೂಪ, ಗೋಪುರ.

ಮೊದಲು ಅದರ ಬರವಣಿಗೆ. ವಾಚಕರು ಕಾಗದವನ್ನು ಮುಂದಿಟ್ಟುಕೊಂಡು ಬರೆಯುತ್ತ ಬಂದರೆ ಆಕಾರವು ಸ್ಪಷ್ಟವಾಗುವುದು. ಇದಕ್ಕೆ ಒಟ್ಟು 12 ಗೆರೆಗಳು. ಎಡಗಡೆ ‘ಮಣ್ಣು’ ಎಂಬ ಅಂಗ: ಒಂದು ಅಡ್ಡಗೆರೆ, ಅದನ್ನು ಸೀಳಿ ಇಳಿಯುವ ಒಂದು ನಿಲುಗೆರೆ, ಬುಡದಲ್ಲಿ ಬಲಕ್ಕೆ ತುಸು ಏರುವ ಇನ್ನೊಂದು ಅಡ್ಡಗೆರೆ. ಬಲಗಡೆ ಮೇಲೆ ‘ಹುಲ್ಲು’ ಎಂಬ ಅಂಗ: ಉದ್ದವಾದ ಒಂದು ಅಡ್ಡಗೆರೆ, ಅದನ್ನು ದಾಟುವ ಎರಡು ಗಿಡ್ಡ ನಿಲುಗೆರೆಗಳು. ಅದರ ಕೆಳಗೆ ‘ಕೂಡು’ ಎಂಬ ಅರ್ಥದ ಅಂಗಕ್ಕೆ ಆರು ಗೆರೆಗಳು: ಮನೆಯ ಸೂರಿನಂತೆ ಎಡಕ್ಕೊಂದು ಬಲಕ್ಕೊಂದು ಇಳಿಗೆರೆ, ಒಳಗೊಂದು ಅಡ್ಡಗೆರೆ, ಅಡಿಯಲ್ಲಿ ಮೂರು ಗೆರೆಗಳ ಚೌಕ. ಚೌಕದ ಎಡಬದಿಯನ್ನು ಮೊದಲು ಎಳೆದು, ನೆತ್ತಿಯನ್ನೂ ಬಲಬದಿಯನ್ನೂ ಕೈಯೆತ್ತದೆ ಒಂದೇ ಗೆರೆಯಾಗಿ ತಂದು, ಕೊನೆಗೆ ಬುಡವನ್ನು ಮುಚ್ಚಬೇಕು.

ಹೀಗೆ ಬರೆದವನಿಗೆ ಒಂದು ನಿರುಕ್ತಿಯು ತಟ್ಟನೆ ಹೊಳೆಯುತ್ತದೆ. ಮಣ್ಣಿನ ದಿಬ್ಬ, ಅದರ ಮೇಲೆ ಬೆಳೆದ ಹುಲ್ಲು, ಒಳಗೆ ಮುಚ್ಚಳವುಳ್ಳ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಬುದ್ಧಧಾತು! ಸ್ತೂಪಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ಬೇರೊಂದುಂಟೆ? ನಾವೂ ಮೊದಲು ಹೀಗೆಯೇ ಎಣಿಸಿ ಸಂತೋಷಪಟ್ಟಿದ್ದೆವು. ಆದರೆ ಇದು ಮನೋಹರವಾದ ಭ್ರಾಂತಿ. ಬಲಭಾಗದ ಹುಲ್ಲು ಮತ್ತು ಕೂಡುಗಳು ಸೇರಿದರೆ ಅದು ಸ್ವತಂತ್ರವಾದ ಇನ್ನೊಂದು ಹಳೆಯ ಅಕ್ಷರ. ಷು ಷೆನ್ನನ ಕೋಶದಲ್ಲಿ ಅದಕ್ಕೆ ಸಣ್ಣ ಜಾತಿಯ ಒಂದು ಕಾಳು ಎಂದು ಅರ್ಥ. ಕಾಳಿಗೂ ಸ್ತೂಪಕ್ಕೂ ಸಂಬಂಧವಿಲ್ಲ. ಎಡಗಡೆಯ ಮಣ್ಣನ್ನು ತೆಗೆದು ‘ಕೈ’ ಎಂಬ ಅಂಗವನ್ನಿಟ್ಟರೆ ಇನ್ನೊಂದು ಅಕ್ಷರವಾಗುತ್ತದೆ. ಅದರ ಓದೂ ‘ತೋ’ ಎಂದೇ, ಅರ್ಥವಾದರೋ ವಾಹನವನ್ನು ಏರುವುದು, ಸರಕನ್ನು ಹೇರುವುದು. ಅಲ್ಲಿ ದಿಬ್ಬವೂ ಇಲ್ಲ, ಧಾತುವೂ ಇಲ್ಲ. ಅರ್ಥವು ಭಿನ್ನವಾಗಿದ್ದು ಧ್ವನಿ ಮಾತ್ರ ಒಂದೇ ಆಗಿರುವುದರಿಂದ ಬಲಭಾಗವು ಧ್ವನಿಸೂಚಕವೇ ಎಂಬುದು ಸಿದ್ಧವಾಯಿತು. ಮೇಲಿನ ಕಥೆಯನ್ನು ವಿದ್ಯಾರ್ಥಿಯು ನೆನಪಿನ ಊರುಗೋಲಾಗಿ ಇಟ್ಟುಕೊಳ್ಳಲಿ, ವ್ಯುತ್ಪತ್ತಿಯೆಂದು ಬಗೆಯಬಾರದು.

ಹಾಗಾದರೆ ಆ ಧ್ವನಿ ಯಾವುದು? ಈ ಅಕ್ಷರವು ಷು ಷೆನ್ನನ ಮೂಲಕೋಶದಲ್ಲಿಲ್ಲ. 986ರಲ್ಲಿ ಷು ಷ್ಯುವಾನನು ಆ ಕೋಶವನ್ನು ಪರಿಷ್ಕರಿಸಿ ಸೇರಿಸಿದ 402 ಅಕ್ಷರಗಳಲ್ಲಿ ಇದೂ ಒಂದು. ಪಶ್ಚಿಮದೇಶಗಳ ಬೌದ್ಧಸ್ತೂಪ ಎಂದು ಅಲ್ಲಿ ಅರ್ಥವಿದೆ. ಬೌದ್ಧಧರ್ಮದೊಡನೆ ಬಂದ ಶಬ್ದವನ್ನು ಬರೆಯುವುದಕ್ಕಾಗಿ ಹುಟ್ಟಿದ ಅಕ್ಷರವಿದು. ಪ್ರಾಚೀನ ಚೀನೀ ಭಾಷೆಯಲ್ಲಿ ಇದರ ಉಚ್ಚಾರಣೆ ‘ಥಪ್’ ಎಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ನಮ್ಮ ‘ಸ್ತೂಪ’ವು ಪಾಳಿಯಲ್ಲಿ ‘ಥೂಪ’ವಾಗುತ್ತದೆ: ಆದಿಯ ಸಕಾರವು ಲೋಪವಾಗಿ ತಕಾರವು ಮಹಾಪ್ರಾಣವಾಗುವುದು. ಸ್ವರವು ಹೊಂದುವುದಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ಆದರೆ ಥಕಾರ ಪಕಾರಗಳೆರಡೂ ತಮ್ಮ ತಮ್ಮ ಸ್ಥಾನದಲ್ಲಿವೆ. ಕೊರಿಯದಲ್ಲಿ ಇಂದಿಗೂ ‘ಥಪ್’, ವಿಯೆಟ್ನಾಮಿನಲ್ಲಿಯೂ ಕ್ಯಾಂಟನ್ ಪ್ರಾಂತದಲ್ಲಿಯೂ ‘ಥಾಪ್’. ಉತ್ತರಚೀನದ ಮಾತಿನಲ್ಲಿ ಪಕಾರವು ಅಳಿದು ‘ಥಾ’ ಎಂದಾಗಿದೆ. ಜಪಾನಿನಲ್ಲಿ ಮಹಾಪ್ರಾಣವಿಲ್ಲದ ಕಾರಣ ಥಕಾರವು ತಕಾರವಾಯಿತು. ಪಕಾರವು ಸಡಿಲಗೊಂಡು ಫಕಾರವಾಗಿ, ಕಡೆಗೆ ಸ್ವರದಲ್ಲಿ ಕರಗಿತು. 1946ರ ಕಾಗುಣಿತ ಸುಧಾರಣೆಯ ತನಕ ಕಾನಾದಲ್ಲಿ ‘ತಫು’ ಎಂದು ಬರೆದು ‘ತೋ’ ಎಂದು ಓದುತ್ತಿದ್ದರು. ಪಾಲ್ ಎಂಬುದು ಹಾಲು ಆದುದನ್ನು ಬಲ್ಲ ಕನ್ನಡಿಗರಿಗೆ ಪಕಾರದ ಈ ಗತಿಯು ಅಪರಿಚಿತವಲ್ಲ.

ಸ್ಥಾನವು ತಾಣವಾದಂತೆ, ಸ್ತಂಭವು ಕಂಬವಾದಂತೆ, ಸ್ತೂಪವು ‘ತೋ’ ಆಯಿತು. ನಮ್ಮ ವೈಯಾಕರಣರ ಪರಿಭಾಷೆಯಲ್ಲಿ ಇದು ತದ್ಭವ. ತತ್ಸಮವನ್ನು ಪ್ರತಿಷ್ಠಾಪಿಸುವ ಯತ್ನವೂ ನಡೆಯದೆ ಇರಲಿಲ್ಲ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿದ ಹ್ಯೂಯೆನ್ ತ್ಸಾಂಗನು 646ರಲ್ಲಿ ಮುಗಿದ ತನ್ನ ಪ್ರವಾಸಗ್ರಂಥದಲ್ಲಿ ‘ಸ್ತೂಪ’ದ ಪೂರ್ಣಧ್ವನಿಯನ್ನು ಮೂರು ಅಕ್ಷರಗಳಿಂದ ಬರೆದನು, ಮೊದಲಿನ ರೂಪಗಳೆಲ್ಲ ಅಪಭ್ರಷ್ಟವೆಂದು ತಳ್ಳಿಹಾಕಿದನು. ನಲಂದೆಯಲ್ಲಿ ಓದಿದ ಆ ಮಹಾಪಂಡಿತನ ಮಾತು ಶಾಸ್ತ್ರದೃಷ್ಟಿಯಿಂದ ಸರಿಯಾದುದೇ. ಆದರೆ ಜನರು ಅವನ ಸಾಧುರೂಪವನ್ನು ಗ್ರಂಥಗಳಿಗೆ ಬಿಟ್ಟುಕೊಟ್ಟು, ಒಂದೇ ಅಕ್ಷರದ ಅಪಭ್ರಂಶವನ್ನು ತಮ್ಮದಾಗಿಸಿಕೊಂಡರು.

ಜಪಾನಿನಲ್ಲಿ ಇಂದು ದೀರ್ಘರೂಪವೂ ಉಂಟು, ಹ್ರಸ್ವರೂಪವೂ ಉಂಟು. ಅರ್ಥ ಮಾತ್ರ ಬೇರೆಯಾಗಿದೆ. ‘ಸೊತೊಬ’ ಎಂಬುದು ಸಮಾಧಿಯ ಹಿಂದೆ ನಿಲ್ಲಿಸುವ ಮರದ ಹಲಗೆ. ಅದರ ಮೇಲೆ ಪೃಥಿವ್ಯಾದಿ ಪಂಚಭೂತಗಳ ಸಂಕೇತವಾಗಿ, ಬುಡದಿಂದ ತುದಿಯವರೆಗೆ ಅ, ವ, ರ, ಹ, ಖ ಎಂಬ ಬೀಜಾಕ್ಷರಗಳನ್ನು ಬ್ರಾಹ್ಮಿಯ ಸಂತತಿಯಾದ ಸಿದ್ಧಲಿಪಿಯಲ್ಲಿ ಬರೆಯುವುದುಂಟು. ‘ತೋ’ ಆದರೋ ಲೋಕವ್ಯವಹಾರಕ್ಕೆ ಇಳಿಯಿತು. ಹೋರ್ಯೂಜಿ ವಿಹಾರದ ಐದು ನೆಲೆಗಳ ಮರದ ಗೋಪುರವೂ ‘ತೋ’. ಅದರ ನಡುಗಂಬದ ಬುಡದಲ್ಲಿ ಧಾತುಗಳಿರುವುದರಿಂದ ಅದು ಇನ್ನೂ ಸ್ತೂಪವೇ. ವಿಮಾನನಿಲ್ದಾಣದ ನಿಯಂತ್ರಣಗೋಪುರವೂ ‘ತೋ’, ಪ್ಯಾರಿಸಿನ ಐಫೆಲ್ ಗೋಪುರವೂ ‘ತೋ’. ಅಲ್ಲಿ ಧಾತುವು ಹೋಗಿ ಎತ್ತರ ಮಾತ್ರ ಉಳಿದಿದೆ.

ಅಪಶಬ್ದವನ್ನು ಕೀಳೆಂದು ಕಾಣುವ ಶಿಕ್ಷಣದಲ್ಲಿ ಬೆಳೆದವರು ನಾವು. ಈ ಅಕ್ಷರವು ಆ ಹೆಮ್ಮೆಯನ್ನು ಸ್ವಲ್ಪ ತಗ್ಗಿಸುತ್ತದೆ. ಸಂಸ್ಕೃತಶಬ್ದವೊಂದು ಸಮುದ್ರವನ್ನು ದಾಟಿ ಪರರ ನಾಲಗೆಯಲ್ಲಿ ಬದುಕಿದ್ದು ತನ್ನ ಶುದ್ಧಿಯ ಬಲದಿಂದಲ್ಲ, ಸವೆಯಲು ಒಪ್ಪಿದುದರಿಂದ. ತರಗತಿಯಲ್ಲಿ ತದ್ಭವಪ್ರಕರಣವನ್ನು ಬೋಧಿಸುವ ಅಧ್ಯಾಪಕರು ತಾಣ, ಕಂಬಗಳ ಪಕ್ಕದಲ್ಲಿ ಹನ್ನೆರಡು ಗೆರೆಗಳ ಈ ಬಂಧುವನ್ನೂ ಒಮ್ಮೆ ಹಲಗೆಯ ಮೇಲೆ ಬರೆದು ತೋರಿಸಿದರೆ ನಮ್ಮ ಶ್ರಮವು ಸಾರ್ಥಕವಾದೀತು.